ಕಣ್ಣಳತೆಯ ಉಪ್ಪು

ಗೋದಾಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ಅವನು ‘ಕಣ್ಣಳತೆ’. ಬಾಗಿಲಲ್ಲೇ ನಿಂತು ಮೂಟೆಗಳ ರಾಶಿ ನೋಡಿ ಎಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಎಣಿಸಿ ನೋಡಿದವರು ಲೆಕ್ಕ ಸರಿ ಎಂದು ತಲೆದೂಗುತ್ತಿದ್ದರು. ಇಂಥ ಹೊಗಳಿಕೆ ಮನುಷ್ಯನ ತಲೆಗೇರದೆ ಇರುತ್ತದೆಯೇ? ಏರಿತ್ತು. ನಿವೃತ್ತನಾದ ಮೇಲೂ ಇಳಿದಿರಲಿಲ್ಲ.

ಮನೆಯಲ್ಲಿ ಅವನು, ಅವನ ಅಕ್ಕ, ಇಬ್ಬರೇ. ಅವನ ಹೆಂಡತಿ ತೀರಿಕೊಂಡ ವರ್ಷ ನಾಲ್ಕು ದಿನಕ್ಕೆಂದು ಬಂದ ಅಕ್ಕ, ತಮ್ಮನ ಅಡುಗೆ ನೋಡಿ ಹಿಂತಿರುಗುವ ಮಾತೇ ಎತ್ತಲಿಲ್ಲ. ಆ ಬೀದಿಯ ನೀರು ಗಡಸು. ಸೋಪಿಗೆ ನೊರೆ ಬರದು, ಪಾತ್ರೆಗಳ ಮೇಲೆಲ್ಲ ಬಿಳಿ ಕಲೆ. ಅಕ್ಕನ ಕೈಯ ಚರ್ಮ ಬಿರಿದು ರಕ್ತ ಜಿನುಗುತ್ತಿತ್ತು. ಅವಳಿಗಾಗಿಯೇ ಅವನು ನೀರನ್ನು ಮೆದುವಾಗಿಸುವ ಸಾಫ್ಟನರ್ ಯಂತ್ರ ಹಾಕಿಸಿದ. ಅದರ ತೊಟ್ಟಿಗೆ ಆಗಾಗ ಉಪ್ಪು ತುಂಬಬೇಕು, ಮುಗಿದರೆ ನೀರು ಮತ್ತೆ ಮೊದಲಿನಂತೆ. ಒಂದು ವರ್ಷ ಅಕ್ಕನ ಕೈ ಚೆನ್ನಾಗಿತ್ತು.

ಆಮೇಲೊಮ್ಮೆ ಉಪ್ಪು ತರಲು ಹೋದವನು, ಯಾವಾಗಲೂ ಒಯ್ಯುತ್ತಿದ್ದ ಉಪ್ಪಿನ ಬಿಲ್ಲೆಗಳ ಚೀಲ ಬಿಟ್ಟು ಪಕ್ಕದ ಪುಡಿ ಉಪ್ಪಿನ ಕಡೆ ಕೈ ತೋರಿಸಿದ. ಅದು ಹೆಚ್ಚು ಬೆಳ್ಳಗಿತ್ತು.

“ಬೇಡ ಸಾರ್, ಪುಡಿ ಗಟ್ಟಿಯಾಗುತ್ತೆ. ಬಿಲ್ಲೇನೇ ತಗೊಳ್ಳಿ,” ಎಂದ ಅಂಗಡಿಯವನು.

“ನನಗೇ ಉಪ್ಪು ತೋರಿಸಿಕೊಡ್ತೀಯಾ? ಯಾವುದು ಶುದ್ಧ ಅಂತ ನೋಡಿದ್ರೆ ಗೊತ್ತಾಗಲ್ವಾ?”

ತಂದು, ತೊಟ್ಟಿಯ ಮುಚ್ಚಳದವರೆಗೂ ಸುರಿದ.

ಕೆಲವು ವಾರ ಕಳೆದು ಅಕ್ಕ, “ನೊರೆ ಬರ್ತಿಲ್ಲ ಕಣೋ. ಕೈ ಉರೀತಿದೆ,” ಎಂದಳು.

ಅವನು ಮುಚ್ಚಳ ಎತ್ತಿದ. “ಇಲ್ಲಿ ನೋಡು, ಹಾಕಿದ್ದು ಹಾಗೇ ಇದೆ. ಸೋಪು ಬದಲಾಯಿಸು.”

ಸೋಪು ಬದಲಾಯಿತು, ಉರಿ ಹೋಗಲಿಲ್ಲ. ಮತ್ತೆ ಹೇಳಿದಳು, ಮತ್ತೆ ಮುಚ್ಚಳ ಎತ್ತಿದ. ಹಾಕಿದ ಉಪ್ಪು ಕರಗುತ್ತಲೇ ಇಲ್ಲ ಎಂದರೆ ಅನುಮಾನ ಬರಬೇಕೋ ಬೇಡವೋ? ಈ ಮಹಾರಾಯ ಪಕ್ಕದ ಮನೆಯವರ ಮುಂದೆ, ನಮ್ಮ ಉಪ್ಪು ಎಷ್ಟು ಬಾಳಿಕೆ ಬರುತ್ತಿದೆ ನೋಡಿ ಎಂದು ಜಂಭ ಕೊಚ್ಚಿದ. ಮತ್ತೊಂದು ದಿನ ಅಕ್ಕ ಬಾಯಿ ತೆರೆದಾಗ ರೇಗಿಯೇಬಿಟ್ಟ.

“ಉರಿ ಕೈಯಲ್ಲಿಲ್ಲ, ನಿನ್ನ ತಲೇಲಿದೆ. ನನ್ನ ಕಣ್ಣೇನು ಸುಳ್ಳು ಹೇಳುತ್ತಾ?”

ಅಕ್ಕ ಮುಂದಿನ ವಾರ ಬೇರೆ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೊರಟಳು. ಸ್ವಲ್ಪ ದಿನ ಇದ್ದು ಬರ್ತೀನಿ ಎಂದಳು, ಆದರೆ ಚೀಲದಲ್ಲಿ ಸ್ವೆಟರೂ ಇತ್ತು, ಹಳೆಯ ಕನ್ನಡಕವೂ ಇತ್ತು.

ಪಾತ್ರೆ ತೊಳೆಯುವುದು ಅವನ ಪಾಲಿಗೆ ಬಂತು. ಸ್ವಲ್ಪ ದಿನಕ್ಕೇ ಅವನ ಬೆರಳ ಸಂದುಗಳೂ ಬಿರಿದವು. ಒಂದು ಬೆಳಿಗ್ಗೆ ಪೊರಕೆಯ ಹಿಡಿಯಿಂದ ತೊಟ್ಟಿಯ ಉಪ್ಪನ್ನು ತಿವಿದ. ಮೇಲ್ಪದರ ಮುರಿದು ದೊಪ್ಪನೆ ಕೆಳಗೆ ಬಿತ್ತು. ಪುಡಿ ಗಟ್ಟಿಯಾಗಿ ಮೇಲೆ ಸೂರಿನಂತೆ ನಿಂತಿತ್ತು. ಅದರಡಿ ಬರೀ ಟೊಳ್ಳು, ತಳದಲ್ಲಿ ಉಪ್ಪು ಸೋಕದ ನೀರು. ಅಕ್ಕ ಅಷ್ಟು ದಿನವೂ ಗಡಸು ನೀರಿನಲ್ಲೇ ಕೈಯಾಡಿಸಿದ್ದಳು. ಒಂದು ಸಲ ಅವಳ ಕೈ ಹಿಡಿದು ನೋಡಬಹುದಿತ್ತು. ಮನೆಯಲ್ಲಿ ಅವನು ನೋಡದೆ ಬಿಟ್ಟದ್ದು ಅದೊಂದನ್ನೇ.

ಗಟ್ಟಿ ಉಪ್ಪನ್ನೆಲ್ಲ ಬಗೆದು ತೆಗೆದು, ಬಿಲ್ಲೆ ತಂದು ಅರ್ಧದಷ್ಟು ತುಂಬಿದ. ನೀರು ಮೆದುವಾದ ಮೇಲೆ ಫೋನು ಮಾಡಿದ.

“ಅಕ್ಕ, ನೀನು ಹೇಳಿದ್ದೇ ಸರಿ. ಉಪ್ಪು ಗಟ್ಟಿಯಾಗಿಬಿಟ್ಟಿತ್ತು. ನಂದೇ ತಪ್ಪು. ಎಲ್ಲ ಸರಿ ಮಾಡಿದ್ದೀನಿ, ಬಂದುಬಿಡು.”

“ಇಲ್ಲಿ ನೀರು ನಮ್ಮದಕ್ಕಿಂತ ಗಡಸು ಕಣೋ,” ಎಂದಳು. “ಆ ಮಷೀನೂ ಇಲ್ಲ. ಆದ್ರೆ ಕೈ ಉರೀತಿದೆ ಅಂದ್ರೆ, ತಂಗಿ ನಂಬ್ತಾಳೆ.”