ಮುಂದಿನ ವಾರಕ್ಕೆ ಉಳಿಸಿದ್ದು

ಬಜಗೋಳಿಯ ಕುಶಲಾ ಕಥೆ ಕಟ್ಟುವುದನ್ನು ಯಾರ ಬಳಿಯೂ ಹೋಗಿ ಕಲಿತವಳಲ್ಲ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹೆಂಗಸರ ಸಾಲಿನಲ್ಲಿ ಕೂತು, ಹೇಳುತ್ತಾ ಹೇಳುತ್ತಾ ಕಲಿತಳು. ಕಥೆ ಸಪ್ಪೆಯಾದರೆ ಹೆಂಗಸರು ತಮ್ಮ ಸೊಸೆಯಂದಿರ ಸುದ್ದಿಗೆ ಇಳಿಯುತ್ತಿದ್ದರು. ಕಥೆ ಹಿಡಿದರೆ ಅವರ ಬೆರಳು ಬೀಜದ ಮೇಲೆ ಹಾಗೇ ನಿಂತುಬಿಡುತ್ತಿತ್ತು, ಸೂಪರ್‌ವೈಸರ್ ಬಂದು ರೇಗುವವರೆಗೆ. ಎಲ್ಲಿ ತಡೆಯಬೇಕು, ಯಾವುದನ್ನು ಹೇಳದೆ ಬಿಡಬೇಕು, ಸತ್ತವನ ಸುದ್ದಿ ಬಿಟ್ಟು ಅಂಗಳದಲ್ಲಿ ಉಳಿದ ಅವನ ಚಪ್ಪಲಿಯ ಸುದ್ದಿ ಯಾವಾಗ ಎತ್ತಬೇಕು ಎಂಬುದನ್ನೆಲ್ಲ ಅವಳಿಗೆ ಕಲಿಸಿದ್ದು ಆ ಬೆರಳುಗಳು.

ಅದಕ್ಕೂ ಮೊದಲು ಅವಳ ಕಥೆ ಕೇಳಿದವಳು ತಂಗಿ ಚೈತಾಲಿ. ತಾಯಿ ತೀರಿಕೊಂಡಾಗ ಚೈತಾಲಿಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ. ಅಪ್ಪ ಮುಂಬೈಯ ಹೋಟೆಲಿನಲ್ಲಿದ್ದ. ಕೆಲವು ವರ್ಷ ಬಂದು ಹೋದ, ಆಮೇಲೆ ಅಲ್ಲೇ ಇನ್ನೊಂದು ಮದುವೆಯಾದ. ಶಾಲೆ ಬಿಟ್ಟ ಕುಶಲಾ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳೆಸಿದಳು. ಹುಡುಗಿ ಊಟ ಮಾಡುತ್ತಿರಲಿಲ್ಲ. ಕಥೆಯ ರಾಕ್ಷಸನ ಕೈ ಕಿಟಕಿಯೊಳಗೆ ಬಂದ ಕೂಡಲೇ ಕುಶಲಾ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ತಂಗಿ ಒಂದು ತುತ್ತು ನುಂಗಿದ ಮೇಲೆಯೇ ರಾಕ್ಷಸ ಮುಂದಕ್ಕೆ ಬರುತ್ತಿದ್ದ. ಹಾಗೆ ಬೆಳೆದ ಚೈತಾಲಿ ಓದಿ, ಕಾರ್ಕಳದ ಒಂದು ಶಾಲೆಯಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಕ್ಕನಿಗೆ ಮದುವೆಯ ಯೋಚನೆ ಬರುವ ಹೊತ್ತಿಗೆ ಹೆಣ್ಣು ಕೇಳುವವರು ಉಳಿದಿರಲಿಲ್ಲ.

ಅಕ್ಕನ ಕಥೆಯನ್ನು ಟೈಪ್ ಮಾಡಿ ಉಡುಪಿಯ ಒಂದು ವಾರಪತ್ರಿಕೆಗೆ ಕಳುಹಿಸಿದವಳು ಚೈತಾಲಿಯೇ. ಅದು ಅಚ್ಚಾಯಿತು, ಇನ್ನೊಂದೂ ಅಚ್ಚಾಯಿತು, ಸಂಪಾದಕರು ಧಾರಾವಾಹಿ ಕೇಳಿದರು. ಕುಶಲಾ ಶುರು ಮಾಡಿದಳು. ಕಾಪು ಬಸ್‌ಸ್ಟ್ಯಾಂಡಿನಲ್ಲಿ ವಾರಿಜಾ ಎಂಬ ಹೆಂಗಸು ತನ್ನದಲ್ಲದ ಒಂದು ಮಗುವನ್ನು ಎತ್ತಿಕೊಂಡು ಇಳಿಯುತ್ತಾಳೆ. ಮಗು ಯಾರದು, ಅವಳ ಕೈಗೆ ಹೇಗೆ ಬಂತು ಎಂದು ಕುಶಲಾ ಹೇಳಲಿಲ್ಲ. ಓದುಗರು ಕಾದರು. ವಾರಿಜಾ ಸಮುದ್ರದ ಹತ್ತಿರ ಒಂದು ಕೋಣೆ ಹಿಡಿದಳು, ಮೀನು ಒಣಗಿಸುವ ಕೆಲಸಕ್ಕೆ ಸೇರಿದಳು, ಮಗು ಅವಳನ್ನು ಅಮ್ಮ ಎಂದಿತು.

ಅದೇ ವರ್ಷ ಚೈತಾಲಿಯ ಎರಡೂ ಕಿಡ್ನಿ ಕೈಕೊಟ್ಟವು. ಕುಶಲಾ ತನ್ನದನ್ನು ತೆಗೆದುಕೊಳ್ಳಿ ಎಂದಳು. ಅವಳಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಡಾಕ್ಟರು ಒಪ್ಪಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ಅಕ್ಕ ತಂಗಿ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಕುಶಲಾ ಆ ವಾರದ ಕಂತನ್ನು ಹೇಳುತ್ತಿದ್ದಳು. ಚೈತಾಲಿ ಕಿಟಕಿಗೆ ತಲೆಯಾನಿಸಿ ಕೇಳುತ್ತಿದ್ದಳು.

"ಅಕ್ಕ, ವಾರಿಜಾ ಅತ್ತಳು ಅಂತ ಬರೆಯಬೇಡ. ಮಗುವಿನ ಅಂಗಿಗೆ ಗುಂಡಿ ತಪ್ಪು ಹಾಕಿದಳು ಅಂತ ಬರೆ, ಸಾಕು. ಅಳುವುದು ಓದುವ ನಮ್ಮ ಕೆಲಸ."

"ನಿನಗೆ ಬಾಯಿ ಜಾಸ್ತಿ ಮಾರಾಯ್ತಿ," ಎನ್ನುತ್ತಿದ್ದಳು ಕುಶಲಾ. ಆದರೆ ಬರೆಯುವಾಗ ತಂಗಿ ಹೇಳಿದ ಹಾಗೆಯೇ ಬರೆಯುತ್ತಿದ್ದಳು.

ಕಥೆಯ ಕೊನೆ ಕುಶಲಾಗೆ ಮೊದಲ ದಿನದಿಂದಲೂ ಗೊತ್ತಿತ್ತು. ಮಗುವನ್ನು ಹೆತ್ತವಳು ಹುಡುಕಿಕೊಂಡು ಬರುತ್ತಾಳೆ. ವಾರಿಜಾ ಬಾಗಿಲು ತೆಗೆದು ಮಗುವನ್ನು ಅವಳ ಕೈಗೆ ಕೊಡುತ್ತಾಳೆ. ಅಷ್ಟೇ. ಬಾಗಿಲು ಬಡಿದ ಸದ್ದಿನವರೆಗೆ ಬರೆದದ್ದೂ ಆಯಿತು. ಅಲ್ಲಿಂದ ಮುಂದೆ ಅವಳಿಗೆ ಬರೆಯಲಾಗಲಿಲ್ಲ. ಮುಂದಿನ ಕಂತಿನಲ್ಲಿ ವಾರಿಜಾ ಬಾಗಿಲಿನತ್ತ ನಡೆದಳು. ಅದರ ಮುಂದಿನ ವಾರ ಚಿಲಕದ ಮೇಲೆ ಕೈಯಿಟ್ಟು ತನ್ನ ಬಾಲ್ಯ ನೆನೆದಳು. ಆಮೇಲೊಂದು ವಾರ ಹೊರಗೆ ಗಾಳಿ ಎದ್ದಿತು. ಸಂಪಾದಕರಿಗೆ ಖುಷಿಯೋ ಖುಷಿ. "ಜನ ಫೋನ್ ಮಾಡಿ ಕೇಳ್ತಾ ಇದ್ದಾರೆ ಕುಶಲಾ ಅವರೇ, ಬಾಗಿಲ ಹೊರಗೆ ಯಾರು ಅಂತ. ಹೀಗೇ ಎಳೀರಿ," ಎಂದರು.

ಎಳೆಯುತ್ತಿರುವುದು ಚೈತಾಲಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ, ಡಯಾಲಿಸಿಸ್ ಯಂತ್ರದ ಪಕ್ಕದ ಮಂಚದಲ್ಲಿ ಕೈಚಾಚಿ ಮಲಗಿಕೊಂಡೇ ಅಕ್ಕನ ಕಂತು ಕೇಳಿದಳು.

"ಅಕ್ಕ, ಈ ಕಥೆ ಸತ್ತು ಎಷ್ಟೋ ವಾರ ಆಯ್ತು."

"ಎಂತ ಹೇಳ್ತಿ? ಓದುವವರು ಕಾಯ್ತಾ ಇದ್ದಾರೆ."

"ಕಾಯ್ತಾರೆ. ನಿನಗೆ ಕಾಯಿಸಲಿಕ್ಕೆ ಗೊತ್ತುಂಟು. ಆದರೆ ಮೊದಲೆಲ್ಲ ನೀನು ಕಥೆಗೋಸ್ಕರ ಕಾಯಿಸ್ತಿದ್ದಿ. ಈಗ ಹಾಗಲ್ಲ." ಅವಳು ಅಕ್ಕನ ಮುಖ ನೋಡಿದಳು. "ಬಾಗಿಲು ತೆಗೆದರೆ ನಾನು ಹೋಗ್ತೇನೆ ಅಂತ ಹೆದರಿಕೆ, ಅಲ್ವಾ?"

ಕುಶಲಾ ತಂಗಿಯ ಹೊದಿಕೆಯನ್ನು ಸುಮ್ಮನೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು.

"ನೀನು ಬರೆದರೂ ಬರೆಯದಿದ್ದರೂ ನಾನು ಹೋಗುವ ದಿನ ಹೋಗ್ತೇನೆ. ನನಗೆ ಕೊನೆ ಹೇಳು ಅಕ್ಕ. ಪತ್ರಿಕೆಗೆ ಯಾವಾಗ ಬೇಕಾದರೂ ಬರೆ, ನನಗೆ ಈಗ ಹೇಳು. ಹೊರಗೆ ಯಾರು?"

"ನನಗೇ ಗೊತ್ತಿಲ್ಲ," ಎಂದಳು ಕುಶಲಾ.

"ಸುಳ್ಳು."

"ಮುಂದಿನ ಸಲ ಬರುವಾಗ ಹೇಳ್ತೇನೆ. ಈಗ ಮಲಗು."

ಚೈತಾಲಿ ನಕ್ಕಳು. ಮಕ್ಕಳ ಸುಳ್ಳು ಕೇಳಿ ದೊಡ್ಡವರು ನಗುವ ಹಾಗೆ ನಕ್ಕು, ಮುಖ ಆಚೆ ತಿರುಗಿಸಿದಳು.

ಮುಂದಿನ ಸಲಕ್ಕೆ ಬಸ್ಸಿನಲ್ಲಿ ಹೋಗಲಾಗಲಿಲ್ಲ. ಜ್ವರ ಏರಿತು, ಸೋಂಕು ರಕ್ತಕ್ಕೆ ಸೇರಿದೆ ಎಂದರು. ಆಂಬುಲೆನ್ಸಿನಲ್ಲಿ ಮಣಿಪಾಲ ಮುಟ್ಟುವಷ್ಟರಲ್ಲಿ ಚೈತಾಲಿಗೆ ಎಚ್ಚರವಿರಲಿಲ್ಲ. ಐಸಿಯುವಿನ ಹೊರಗೆ ಕುಶಲಾ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಆನ್ಸಿಲ್ಲಾ ಎಂಬ ನರ್ಸ್ ಬಂದು, "ಅಕ್ಕಾ, ಒಳಗೆ ಬನ್ನಿ, ಐದು ನಿಮಿಷ," ಎಂದು ಕರೆದಳು.

ತಂಗಿಯ ಬಾಯಿಯಲ್ಲಿ ಕೊಳವೆ ಇತ್ತು, ಕಣ್ಣು ಮುಚ್ಚಿತ್ತು. ಕುಶಲಾ ಬಗ್ಗಿ ಅವಳ ಕಿವಿಯ ಹತ್ತಿರ ಹೇಳತೊಡಗಿದಳು. "ಹೊರಗೆ ಇದ್ದದ್ದು ಹೆತ್ತವಳು. ಕೇಳ್ತದಾ? ಮಗುವಿನ ತಾಯಿ. ಅವಳಿಗೆ ಹುಷಾರಿರಲಿಲ್ಲ, ಅದಕ್ಕೇ ವಾರಿಜಾಳ ಕೈಗೆ ಕೊಟ್ಟು ಹೋದದ್ದು. ಈಗ ಗುಣ ಆಗಿದೆ. ಕರೆದುಕೊಂಡು ಹೋಗ್ತಾಳೆ. ವಾರಿಜಾ ಕೊಡ್ತಾಳೆ, ಮಗುವಿನ ಅಂಗಿ ಮಡಚಿ ಕೊಡ್ತಾಳೆ. ಇಲ್ಲ, ಮೊದಲು ಅಂಗಿ, ಆಮೇಲೆ ಮಗು..." ಯಾವುದು ಮೊದಲು ಯಾವುದು ನಂತರ ಎಂದು ಅವಳಿಗೆ ತಿಳಿಯದಾಯಿತು. ಇಷ್ಟು ವರ್ಷ ಹಿಡಿದು ಹಿಡಿದು ಹೇಳಿದವಳ ಬಾಯಿಂದ ಎಲ್ಲ ಒಟ್ಟಿಗೇ ಸುರಿಯಿತು. ತಂಗಿಯ ಬೆರಳು ಹಿಡಿದುಕೊಂಡಳು. ಅದು ಅಲುಗಲಿಲ್ಲ. "ಕೇಳಿತಾ ಚೈತು? ಇಷ್ಟೇ ಕಥೆ. ಮುಗಿಯಿತು."

ಆನ್ಸಿಲ್ಲಾ ಅವಳ ಭುಜ ಮುಟ್ಟಿದಳು. ಮರುದಿನ ಬೆಳಿಗ್ಗೆ ಚೈತಾಲಿ ತೀರಿಕೊಂಡಳು.

ಹದಿನೈದು ದಿನ ಕಳೆದ ಮೇಲೆ ಕುಶಲಾ ಕೊನೆಯ ಕಂತು ಬರೆದಳು. ಮೊದಲ ಸಾಲಿನಲ್ಲೇ ಬಾಗಿಲು ತೆರೆಯಿತು. ಹೊರಗೆ ನಿಂತವಳು ಯಾರೆಂದು ಎರಡನೆಯ ಸಾಲಿನಲ್ಲೇ ಇತ್ತು. ಇನ್ನೂ ಸ್ವಲ್ಪ ತಡೆದು ಹೇಳಬಹುದಿತ್ತಲ್ಲ ಎಂದರು ಸಂಪಾದಕರು. "ಇಲ್ಲ, ಹಾಗೇ ಹಾಕಿ," ಎಂದಳು. ಅಚ್ಚಾದ ಮೇಲೆ ಜನ ಹೊಗಳಿದರು. ಅಷ್ಟು ಕಾಯಿಸಿ ಒಂದೇ ಸಲ ಹೇಳಿಬಿಟ್ಟದ್ದು ದೊಡ್ಡ ತಂತ್ರವೆಂದು ಒಬ್ಬರು ಬರೆದರು. ಅದನ್ನು ಓದಿ ಕುಶಲಾ ಪತ್ರಿಕೆ ಮಡಚಿಟ್ಟಳು.

ಉಡುಪಿಯ ಒಂದು ಕಾಲೇಜಿನವರು ಓದುಗರನ್ನು ಹಿಡಿದಿಡುವುದು ಹೇಗೆ ಎಂಬ ಬಗ್ಗೆ ಮಾತಾಡಲು ಕರೆದರು. ಹೋಗಿ, ಗೊತ್ತಿದ್ದುದನ್ನು ಹೇಳಿದಳು: ನಡುವಿನಿಂದ ಶುರು ಮಾಡುವುದು, ದೊಡ್ಡ ದುಃಖಕ್ಕೆ ಸಣ್ಣ ವಸ್ತುವೊಂದನ್ನು ತೋರಿಸುವುದು, ಸ್ವಲ್ಪ ಮುಚ್ಚಿಡುವುದು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. "ಮೇಡಂ, ಎಷ್ಟು ಹೊತ್ತು ಮುಚ್ಚಿಡಬಹುದು?"

ಕುಶಲಾ ಆ ಹುಡುಗಿಯತ್ತ ತಿರುಗಿದಳು. "ಕೇಳುವವರು ಹತ್ತಿರ ಇರುವಾಗಲೇ ಹೇಳಿಬಿಡು ಮಗಾ," ಎಂದು ಹೇಳಿ ಕುರ್ಚಿಗೆ ಮರಳಿದಳು. ಯಾರೋ ಚಪ್ಪಾಳೆ ತಟ್ಟಿದರು. ಶಾಲು ಹೊದೆಸಿದರು.

ಹೊಸ ಧಾರಾವಾಹಿಗೆಂದು ಸಂಪಾದಕರು ಈಗಲೂ ಆಗಾಗ ಫೋನ್ ಮಾಡುತ್ತಾರೆ. ನೋಡುವ ಎನ್ನುತ್ತಾಳೆ. ಅವಳ ತಲೆಯಲ್ಲಿ ಕಥೆಗಳು ಇಲ್ಲವೆಂದಲ್ಲ. ಸಂತೆಯಿಂದ ಬರುವಾಗ, ಬಟ್ಟೆ ಒಗೆಯುವಾಗ ಒಂದೊಂದು ಹೆಂಗಸು, ಒಂದೊಂದು ಮಾತು ತಾನಾಗಿ ಬಂದು ನಿಲ್ಲುತ್ತದೆ. ಒಳ್ಳೆಯದೊಂದು ಸಿಕ್ಕ ಕೂಡಲೇ ಅವಳು "ಚೈತು, ಇಲ್ಲಿ ಕೇಳು" ಎಂದು ಬಾಯಿಬಿಟ್ಟು ಕರೆಯುತ್ತಾಳೆ. ಕರೆದಾದ ಮೇಲೆಯೇ ಅವಳಿಗೆ ನೆನಪಾಗುವುದು.