ಜುಲೈ ಮೂವತ್ತರ ಆಚೆ ಈಚೆ

1998ರ ಆರಂಭದಲ್ಲಿ ನಾನು ದಾವಣಗೆರೆಯಲ್ಲಿ ಸಿವಿಲ್ ವಕೀಲಿ ಮಾಡುತ್ತಿದ್ದೆ. ಹಿರಿಯ ವಕೀಲರ ಆಫೀಸು ಬಿಟ್ಟು, ನಿಜಲಿಂಗಪ್ಪ ಬಡಾವಣೆಯ ಬಾಡಿಗೆ ಮನೆಯ ಮುಂದಿನ ಕೋಣೆಗೆ ನನ್ನದೇ ಬೋರ್ಡು ಹಾಕಿಕೊಂಡು ಮೂರು ವರ್ಷವಾಗಿತ್ತು. ದಾವಣಗೆರೆ ಜಿಲ್ಲೆಯಾಗಿ ಆರೇಳು ತಿಂಗಳು. ಊರಿನ ಸುತ್ತಲಿನ ಗದ್ದೆಗಳಲ್ಲಿ ಸೈಟಿನ ಕಲ್ಲುಗಳು ಏಳತೊಡಗಿದ್ದವು. ಜಮೀನಿನ ಬೆಲೆ ಏರಿದ ಹಾಗೆ ಅಣ್ಣತಮ್ಮ, ಅಕ್ಕತಂಗಿಯರ ಪಾಲಿನ ದಾವೆಗಳೂ ಏರಿದವು. ಅವುಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.

ಹರಿಹರದಿಂದ ವನಜಾಕ್ಷಿ ಎಂಬ ಹೆಣ್ಣುಮಗಳು ಗಂಡನೊಂದಿಗೆ ಬಂದಳು. ಗಂಡ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವಳ ತವರು ಶಾಮನೂರು. ತಾಯಿ ಮೊದಲೇ ತೀರಿಕೊಂಡಿದ್ದರು, ಹಿಂದಿನ ವರ್ಷ ತಂದೆಯೂ ಹೋಗಿದ್ದರು. ಉಯಿಲು ಇರಲಿಲ್ಲ. ತಾತನ ಕಾಲದ ಒಂಬತ್ತು ಎಕರೆ ನೀರಾವರಿ ಜಮೀನು ಅಣ್ಣ ರುದ್ರೇಶನ ಕೈಯಲ್ಲಿತ್ತು. ಅವನಿಗಿಂತ ಚಿಕ್ಕವಳು, ಇವಳಿಗಿಂತ ದೊಡ್ಡವಳು ಗಿರಿಜಮ್ಮ, ನಂದಿಗುಡಿಗೆ ಮದುವೆ ಮಾಡಿಕೊಟ್ಟ ಅಕ್ಕ.

"ಅಣ್ಣ ಸೈಟ್ ಮಾಡಿ ಮಾರೋರ ಜೊತೆ ಮಾತಾಡ್ಯಾನಂತ್ರಿ. ನಮ್ಮನ್ನ ಒಂದು ಮಾತೂ ಕೇಳಿಲ್ಲ," ಎಂದಳು.

ನಾನು ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮದುವೆ ಯಾವಾಗಾಯ್ತು?"

ಯಾಕೆ ಹಾಗೆ ಕೇಳಿದೆ ಎಂಬುದನ್ನು ಹೇಳಬೇಕು. ಹಿರಿಯರಿಂದ ಬಂದ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು. ಅದನ್ನು ಕೋಪಾರ್ಸೆನರಿ ಎನ್ನುತ್ತಾರೆ. ಹೆಣ್ಣುಮಕ್ಕಳಿಗೆ ಆ ಹಕ್ಕು ಇರಲಿಲ್ಲ. ತಂದೆ ತೀರಿಕೊಂಡ ಮೇಲೆ ತಂದೆಯ ಪಾಲಿನಲ್ಲಿ ಮಾತ್ರ ಒಂದು ತುಣುಕು. ಕರ್ನಾಟಕ ತಂದ ತಿದ್ದುಪಡಿಯು ಮಗಳನ್ನೂ ಮಗನ ಸಮಕ್ಕೆ ನಿಲ್ಲಿಸಿತು. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಅದಕ್ಕೊಂದು ಷರತ್ತು ಇತ್ತು. ಆ ದಿನಕ್ಕೆ ಮೊದಲೇ ಮದುವೆಯಾದ ಮಗಳಿಗೆ ಈ ಹಕ್ಕು ಸಲ್ಲದು.

ಗಿರಿಜಮ್ಮನ ಮದುವೆ ಆ ವರ್ಷದ ಬೇಸಿಗೆಯಲ್ಲಿ ಆಗಿತ್ತು. ವನಜಾಕ್ಷಿಯದು ಅದೇ ವರ್ಷ ದೀಪಾವಳಿ ಕಳೆದ ಮೇಲೆ. ನಾನು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ತಂದೆ, ಮಗ, ಕಿರಿಮಗಳು ಮೂವರಿಗೆ ಮೂರು ಮೂರು ಎಕರೆ. ತಂದೆಯ ಮೂರನ್ನು ಮೂವರು ಮಕ್ಕಳಿಗೆ ಹಂಚಿದರೆ ಒಂದೊಂದು. ಅಂದರೆ ರುದ್ರೇಶನಿಗೆ ನಾಲ್ಕು, ವನಜಾಕ್ಷಿಗೆ ನಾಲ್ಕು, ಗಿರಿಜಮ್ಮನಿಗೆ ಒಂದು.

ಆಮೇಲೆ ತಿದ್ದುಪಡಿಯೇ ಬಂದಿಲ್ಲವೆಂದುಕೊಂಡು ಮತ್ತೊಮ್ಮೆ ಲೆಕ್ಕ ಹಾಕಿದೆ. ತಂದೆಗೆ ನಾಲ್ಕೂವರೆ, ಮಗನಿಗೆ ನಾಲ್ಕೂವರೆ. ತಂದೆಯದನ್ನು ಮೂವರಿಗೆ ಹಂಚಿದರೆ ಒಂದೂವರೆ. ಹೆಣ್ಣುಮಕ್ಕಳಿಗೆಂದು ಬಂದ ಕಾಯ್ದೆ ಗಿರಿಜಮ್ಮನ ಕೈಯಿಂದ ಅರ್ಧ ಎಕರೆ ಕಿತ್ತುಕೊಂಡಿತ್ತು. ಪೆನ್ನು ಕೆಳಗಿಟ್ಟೆ. ಅದನ್ನು ವನಜಾಕ್ಷಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ದಾವೆ ಹೂಡಿದೆವು. ಅಣ್ಣ ಒಂದನೇ ಪ್ರತಿವಾದಿ, ಅಕ್ಕ ಎರಡನೆಯವಳು. ರುದ್ರೇಶ ಉತ್ತರದ ಜೊತೆಗೆ ಒಂದು ಲಗ್ನಪತ್ರಿಕೆ ಹಾಜರು ಮಾಡಿದ. ಹಳದಿ ಅಂಚಿನ ಆ ಪತ್ರಿಕೆಯಲ್ಲಿ ಎರಡು ಜೋಡಿಗಳ ಹೆಸರು, ಒಂದೇ ದಿನ, ಒಂದೇ ಚಪ್ಪರ. 1994ರ ಬೇಸಿಗೆ. ವನಜಾಕ್ಷಿಯ ಮದುವೆಯೂ ಅಂದೇ ಆಯಿತು, ಹಾಗಾಗಿ ಅವಳಿಗೆ ಹೊಸ ಕಾಯ್ದೆ ಅನ್ವಯಿಸದು ಎಂಬುದು ಅವನ ವಾದ.

ವನಜಾಕ್ಷಿಯನ್ನು ಕರೆಸಿ ಕೇಳಿದೆ. ಪತ್ರಿಕೆ ನಿಜವೇ ಆಗಿತ್ತು. ಅದು ಅಚ್ಚಾದ ಮೇಲೆ ಇವಳ ವರನ ತಂದೆ ತೀರಿಕೊಂಡರು. ಗಿರಿಜಮ್ಮನ ಮದುವೆ ನಡೆಯಿತು, ಇವಳದು ಮುಂದಕ್ಕೆ ಹೋಯಿತು. ಸಾವಾದ ಮನೆಯೆಂದು ಹರಿಹರದಲ್ಲಿ ಹತ್ತಿಪ್ಪತ್ತು ಜನರ ನಡುವೆ ಮುಗಿಸಿದರು. ಪತ್ರಿಕೆ ಇಲ್ಲ, ಫೋಟೊ ಇಲ್ಲ. ಮದುವೆಯನ್ನು ನೋಂದಾಯಿಸುವ ರೂಢಿ ನಮ್ಮ ಕಡೆ ಆಗ ಇರಲಿಲ್ಲ. ಸಾಕ್ಷಿ ಹೇಳುವವರೆಲ್ಲ ಗಂಡನ ಕಡೆಯವರೇ. ರುದ್ರೇಶನ ಪರವಾಗಿ ಶಾಮನೂರಿನಿಂದ ಬಂದ ಇಬ್ಬರು ಹಿರಿಯರು ಕೋರ್ಟಿನಲ್ಲಿ ಅಳುಕದೆ ಹೇಳಿದರು: "ಅಕ್ಕತಂಗೇರ ಮದುವೆ ಊಟ ಒಂದೇ ದಿನ ಉಂಡೇವ್ರಿ."

ರುದ್ರೇಶ ದುಷ್ಟನೆಂದು ನನಗೆ ಅನಿಸಲಿಲ್ಲ. ಒಮ್ಮೆ ಕೋರ್ಟಿನ ಮೆಟ್ಟಿಲ ಬಳಿ ಎದುರಾದಾಗ ಅವನೇ ಹೇಳಿದ: "ಅಪ್ಪ ಹಾಸಿಗೆ ಹಿಡಿದಾಗ ನೋಡ್ಕಂಡವ ನಾನು. ಗದ್ದಿಗೆ ಇಳಿದವ ನಾನು. ಈಗ ಸಮಪಾಲು ಅಂದ್ರೆ ಹೆಂಗ್ರಿ ಮೇಡಂ?"

ಇನ್ನು ಉಳಿದಿದ್ದು ಗಿರಿಜಮ್ಮನ ಸಾಕ್ಷ್ಯ. ಅವಳನ್ನು ತಮ್ಮ ಕಡೆಯಿಂದ ಹಾಜರುಪಡಿಸುವುದಾಗಿ ರುದ್ರೇಶನ ವಕೀಲರು ತಿಳಿಸಿದ್ದರು. ಅದಕ್ಕೆ ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಅವಳೇ ನನ್ನ ಬಾಗಿಲಿಗೆ ಬಂದಳು. ನಂದಿಗುಡಿಯಿಂದ ಎರಡು ಬಸ್ಸು ಬದಲಿಸಿ ಒಬ್ಬಳೇ ಬಂದಿದ್ದಳು. ಕೂರಲು ಹೇಳಿದರೂ ಕೂರಲಿಲ್ಲ.

"ಒಂದು ಮಾತು ಕೇಳಬೇಕಿತ್ರಿ. ತಂಗಿ ಮದುವಿ ನನ್ನ ಜೊತಿಗೇ ಆತು ಅಂದ್ರೆ ನನಗೆ ಒಂದೂವರೆ ಎಕರೆ, ಆಗಿಲ್ಲ ಅಂದ್ರೆ ಒಂದೇ ಎಕರೆ ಅಂತ ಅಣ್ಣ ಹೇಳ್ತಾನ. ನಿಜಾನಾ?"

"ನೀವು ಎದುರು ಕಕ್ಷಿ. ನಿಮ್ಮ ವಕೀಲರನ್ನ ಕೇಳಬೇಕು," ಎಂದೆ.

"ನನಗೆ ವಕೀಲ್ರು ಇಲ್ರೀ."

ಅವಳು ಚಪ್ಪಲಿ ಮೆಟ್ಟಿಕೊಂಡಳು. ವೃತ್ತಿಯ ನಿಯಮದಂತೆ ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಗೇಟು ದಾಟುವಷ್ಟರಲ್ಲಿ ಅವಳನ್ನು ಕೂಗಿ ಕರೆದೆ. "ನಿಮ್ಮ ಅಣ್ಣ ಹೇಳಿದ ಲೆಕ್ಕ ನಿಜ," ಎಂದೆ.

ಅವಳು ತಲೆಯಾಡಿಸಿ ಹೋದಳು. ನಾನು ಮಾಡಿದ್ದು ಸರಿಯೇ ಎಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಸಂಜೆ ಹರಿಹರಕ್ಕೆ ಫೋನು ಮಾಡಿ, ನಡೆದದ್ದನ್ನು ವನಜಾಕ್ಷಿಗೆ ತಿಳಿಸಿದೆ. ಮರುದಿನ ಅವಳು ಬಂದಳು, ಮುಖ ಕೆಂಪಾಗಿತ್ತು.

"ನೀವು ಯಾರ ವಕೀಲ್ರು? ಅಕ್ಕಗೆ ಯಾಕ ಹೇಳಿದ್ರಿ?"

"ಅವರಿಗೆ ಗೊತ್ತಿತ್ತು. ಸುಳ್ಳು ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ಅವಳು ಅಣ್ಣನ ಕಡೆ ಹೇಳಿದ್ರೆ ನೀವು ಕೊಡ್ತೀರಾ ನನ್ನ ಪಾಲು?"

ಬೇಕಿದ್ದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಿ ಎಂದೆ. ಇಟ್ಟುಕೊಳ್ಳಲಿಲ್ಲ, ಆದರೆ ವಿಚಾರಣೆಯ ದಿನದವರೆಗೆ ನನ್ನೊಡನೆ ಮಾತನಾಡಲೂ ಇಲ್ಲ. ಆ ದಿನಗಳಲ್ಲಿ ಬೇರೆ ಯಾವ ಕಡತ ಬಿಚ್ಚಿದರೂ ಕಣ್ಣಿನ ಮುಂದೆ ಆ ಹಳದಿ ಪತ್ರಿಕೆಯೇ ಬರುತ್ತಿತ್ತು.

ವಿಚಾರಣೆಯ ದಿನ ಹನ್ನೊಂದಕ್ಕೆ ದಾವೆ ಕೂಗಿದರು. ಗಿರಿಜಮ್ಮ ಬಂದಿರಲಿಲ್ಲ. ಮಧ್ಯಾಹ್ನಕ್ಕೆ ಇಟ್ಟರು. ನಾನು ಮೂರು ಸಲ ಹೊರಗೆ ಹೋಗಿ ರಸ್ತೆ ನೋಡಿ ಬಂದೆ. ಅಲ್ಲೇ ರುದ್ರೇಶನೂ ನಿಂತು ರಸ್ತೆ ನೋಡುತ್ತಿದ್ದ. ಮೂರು ಗಂಟೆ ದಾಟಿದ ಮೇಲೆ ಅವಳು ಬಂದು ನೇರವಾಗಿ ಸಾಕ್ಷಿ ಕಟಕಟೆ ಹತ್ತಿದಳು.

ರುದ್ರೇಶನ ವಕೀಲರು ಪತ್ರಿಕೆ ಕೊಟ್ಟು ಕೇಳಿದರು: "ಇದು ನಿಮ್ಮಿಬ್ಬರ ಮದುವೆಯದೇ?"

ಅವಳು ಅದನ್ನು ತಿರುವಿ ನೋಡಿದಳು. "ಪತ್ರಿಕೆ ಇಬ್ಬರದೂ ಹೌದ್ರಿ. ಮದುವಿ ನನ್ನ ಒಬ್ಬಾಕಿದು."

"ನಿಮ್ಮ ತಂಗಿ ಅಂದು ಚಪ್ಪರದಲ್ಲಿ ಇದ್ದಳಲ್ಲವೇ?"

"ಇದ್ಲು. ನನ್ನ ಹಿಂದ ನಿಂತು ಗಾಳಿ ಬೀಸ್ತಿದ್ಲು. ತನ್ನ ಮದುವಿ ನಿಂತುಹೋತಲ್ಲ ಅಂತ ಅಳ್ತಿದ್ಲು."

ನ್ಯಾಯಾಧೀಶರು ಅದನ್ನು ಹೇಳಿ ಬರೆಸಿದರು. ಪಾಟೀಸವಾಲಿಗೆ ನನ್ನ ಸರದಿ ಬಂದಾಗ, ಪ್ರಶ್ನೆಗಳಿಲ್ಲ ಎಂದೆ.

ಹೊರಗೆ ವನಜಾಕ್ಷಿ ಅಕ್ಕನ ಕೈ ಹಿಡಿಯಲು ಹೋದಳು. ಗಿರಿಜಮ್ಮ ಕೈ ಬಿಡಿಸಿಕೊಂಡಳು. "ಆಗದ ಮದುವಿ ಆಗೈತೆ ಅಂತ ದೇವರಾಣೆ ಮಾಡಿ ಹೆಂಗ್ ಹೇಳ್ಲಿ? ಅದಕ್ಕ ಹೇಳಿದೆ. ಅಷ್ಟಕ್ಕೇ ನನಗೆ ಸಿಟ್ಟಿಲ್ಲ ಅಂತ ತಿಳೀಬ್ಯಾಡ," ಎಂದವಳು ನನ್ನ ಕಡೆ ತಿರುಗಿದಳು. "ಆರು ತಿಂಗಳು ಮುಂಚೆ ಮದುವಿ ಆದೆ ಅಂತ ನಾನು ಅಪ್ಪನ ಮಗಳು ಅಲ್ಲೇನ್ರಿ ಮೇಡಂ?"

ನ್ಯಾಯಾಲಯ ನಾಲ್ಕು, ನಾಲ್ಕು, ಒಂದು ಎಂದೇ ಡಿಕ್ರಿ ಮಾಡಿತು. ರುದ್ರೇಶ ಮೇಲ್ಮನವಿಗೆ ಹೋಗಲಿಲ್ಲ. ಅಳತೆಯ ದಿನ ಶಾಮನೂರಿನ ಗದ್ದೆಯ ಬದುವಿನ ಮೇಲೆ ವನಜಾಕ್ಷಿ, ತನ್ನದರಲ್ಲಿ ಒಂದು ಎಕರೆ ಅಕ್ಕನಿಗೆ ಬಿಡುವುದಾಗಿ ಹೇಳಿದಳು. ಗಂಡ ಮುಖ ಗಂಟಿಕ್ಕಿ ದೂರ ಹೋಗಿ ನಿಂತ. ಅವಳು ಮಾತು ಬದಲಿಸಲಿಲ್ಲ, ಆಮೇಲೆ ಪತ್ರವನ್ನೂ ಮಾಡಿಕೊಟ್ಟಳು. ನಾನು ಗಿರಿಜಮ್ಮನಿಗೆ, ಸಮಾಧಾನವಾಯಿತೇ ಎಂದೆ.

"ತಗಂತೀನ್ರಿ, ಬ್ಯಾಡ ಅನ್ನಲ್ಲ. ಆದ್ರೆ ತಂಗಿ ಕೊಟ್ಟಿದ್ದು ಬ್ಯಾರೆ, ಅಪ್ಪನಿಂದ ಬರೋದು ಬ್ಯಾರೆ."

2005ರಲ್ಲಿ ಕೇಂದ್ರ ಸರ್ಕಾರದ ತಿದ್ದುಪಡಿ ಬಂತು. ಮದುವೆಯಾದ ಹೆಣ್ಣುಮಕ್ಕಳಿಗೂ ಸಮಪಾಲು. ಸುದ್ದಿ ಕೇಳಿದ ಗಿರಿಜಮ್ಮ ನನ್ನ ಆಫೀಸಿಗೆ ಬಂದಳು. 2004ರ ಡಿಸೆಂಬರ್ 20ಕ್ಕೆ ಮೊದಲು ಮುಗಿದುಹೋದ ಪಾಲನ್ನು ಮತ್ತೆ ತೆಗೆಯುವಂತಿಲ್ಲ ಎಂದು ಅವಳಿಗೆ ನಾನೇ ಹೇಳಬೇಕಾಯಿತು.

"ನನ್ನ ಮಗಳಿಗೆ ಬರ್ತೈತಲ್ರಿ? ಅವಳ ಮದುವಿ ಯಾವಾಗ ಆದ್ರೂ?"

"ಬರುತ್ತೆ."

"ಹಂಗಂತ ಬರೆದು ಕೊಡ್ರಿ. ನಮ್ಮ ಮನೇರಿಗೆ ತೋರಿಸ್ತೀನಿ."

ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟೆ.

ಹೊಸ ಕಾಯ್ದೆ ಬಂದಾಗ ನಾವು ವಕೀಲರು, ನಮ್ಮ ಕಕ್ಷಿಗಾರರಿಗೆ ಅದರಿಂದ ಏನು ಸಿಗುತ್ತದೆ ಎಂದಷ್ಟೇ ಓದುತ್ತೇವೆ. ನಮಗೆ ಕಲಿಸಿದ್ದೂ ಅದನ್ನೇ. ಈ ದಾವೆಯ ನಂತರ ನಾನು ಪಾಲಿನ ಯಾವ ಪ್ರಕರಣ ಹಿಡಿದರೂ, ಮೊದಲ ದಿನವೇ ಮನೆಯ ಎಲ್ಲರ ಹೆಸರು ಬರೆದು, ಯಾರಿಗೆಷ್ಟು ಬರುತ್ತದೆ, ಯಾರಿಂದ ಎಷ್ಟು ಹೋಗುತ್ತದೆ ಎಂಬುದನ್ನು ಕಕ್ಷಿಗಾರರ ಎದುರಿಗೇ ಲೆಕ್ಕ ಮಾಡುತ್ತಿದ್ದೆ. ಆ ಹಾಳೆ ನೋಡಿ ಕೆಲವರು ಬೇರೆ ವಕೀಲರ ಬಳಿಗೆ ಹೋದರು. ಕೆಲವರು ಎದ್ದು ಹೋಗಿ, ಅಕ್ಕನನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಂಡು ಬಂದರು.