ಕಂಬಳಿ ಅಟ್ಟೆಯ ಬೂಟು

ಹೋದ ತಿಂಗಳು ಹಾಸನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಜಿಟಿಜಿಟಿ ಮಳೆ. ದಾರಿಯಲ್ಲಿ ಕುರಿ ಕಾಯುವ ಮುದುಕರೊಬ್ಬರು ನೆನೆದ ಕಂಬಳಿ ಹೊದ್ದು ಹತ್ತಿ ನನ್ನ ಪಕ್ಕದಲ್ಲೇ ಕೂತರು. ಮುಂದಿನ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಮಾತ್ರ ಇನ್ನಷ್ಟು ಅವರತ್ತ ಸರಿದೆ. ನಗಬೇಡಿ. ಒದ್ದೆ ಕಂಬಳಿಯ ವಾಸನೆಗೆ ನಿಮಗೆ ಕುರಿಹಟ್ಟಿ ನೆನಪಾಗಬಹುದು, ನನಗೆ ನೆನಪಾಗುವುದು ಸಮುದ್ರ. ಸಮುದ್ರವನ್ನು ನಾನು ಇವತ್ತಿನವರೆಗೆ ಕಂಡೇ ಇಲ್ಲ ಅನ್ನುವುದು ಬೇರೆ ಮಾತು.

ಇದಕ್ಕೆಲ್ಲ ಕಾರಣ ನಮ್ಮ ಭಾವ, ಅಕ್ಕನ ಗಂಡ. ಎಪ್ಪತ್ತರ ದಶಕದ ಕೊನೆಯ ಸಂಗತಿ. ಆಗ ನಾನು ತಾಳವಾಡಿಯಲ್ಲಿ ಒಂದು ಹೊಲಿಗೆ ಮಿಷನ್ ಇಟ್ಟುಕೊಂಡು, ಅಂಗಿಯ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಮಾಡಿ ಬೈಸಿಕೊಳ್ಳುತ್ತಿದ್ದೆ. ಭಾವ ಕಲ್ಲು ಕೆಲಸದವರು. ದೂರದ ಸಮುದ್ರದ ದಡದಲ್ಲಿ ಅಲೆ ತಡೆಯುವ ಗೋಡೆ ಕಟ್ಟುವ ಕೆಲಸಕ್ಕೆ ಹೋಗಿದ್ದರು. ಅಕ್ಕ ಗುಮಟಾಪುರದಲ್ಲಿ ಅವ್ವನ ಜೊತೆ, ನನ್ನ ಜೊತೆ ಇದ್ದಳು. ಭಾನುವಾರ ರಜೆ ಸಿಕ್ಕರೆ ಭಾವ ಅಲ್ಲಿನ ಬಂಡೆಗಳ ತುದಿಗೆ ಹೋಗಿ ನಿಂತು ಗಾಳ ಹಾಕುತ್ತಿದ್ದರಂತೆ. ಬೆಟ್ಟದಲ್ಲಿ ಹುಟ್ಟಿದವರಿಗೆ ಉಪ್ಪುನೀರಿನ ಹುಚ್ಚು ಹಿಡಿದರೆ ಬೇಗ ಬಿಡುವುದಿಲ್ಲ ಅಂತ ಕಾಣುತ್ತದೆ.

ಆ ಬೇಸಿಗೆಯಲ್ಲಿ ಊರಿಗೆ ಬಂದ ಭಾವ ಮಾತೇ ಆಡಲಿಲ್ಲ. ಮೂರನೆಯ ದಿನ ಅಕ್ಕ ಕೆದಕಿ ಕೆದಕಿ ಕೇಳಿದ ಮೇಲೆ ಹೊರಬಿತ್ತು: ಪಕ್ಕದಲ್ಲೇ ನಿಂತು ಗಾಳ ಹಾಕುತ್ತಿದ್ದ ಜೊತೆಗಾರ ಪಾಚಿಯ ಮೇಲೆ ಜಾರಿ ಅಲೆಗೆ ಸಿಕ್ಕಿದ್ದ. ಹೆಣ ಕೂಡ ಸಿಗಲಿಲ್ಲ.

"ಮೀನ್ ತಿನ್ನದಿದ್ರೆ ಸತ್ತೋದೀರಾ? ಬುಟ್ಬುಡಿ ಅತ್ಲಾಗೆ," ಎಂದಳು ಅಕ್ಕ.

"ತಿನ್ನಕ್ ಅಲ್ಲ ಕನಾ," ಎಂದರು ಭಾವ. "ದಾರ ಎಳೀತದಲ್ಲ, ಆಗ ಆ ಕಡಿಂದ ಯಾರೋ ಕರ್ದಂಗಾಯ್ತದೆ."

"ಅಂಗಾರೆ ಜಾರ್ದೆ ಇರೋ ಬೂಟ್ ಆಕೊಂಡ್ ಓಗಿ. ಇಲ್ದಿದ್ರೆ ನಾನು ಕಳಿಸಾಕಿಲ್ಲ," ಎಂದು ಅಕ್ಕ ನನ್ನ ಕಡೆ ನೋಡಿದಳು. ಸೂಜಿ ಹಿಡಿದವನಿಗೆ ಬೂಟೂ ಬರುತ್ತದೆ ಅನ್ನುವುದು ಅವಳ ಲೆಕ್ಕ.

ಊರ ಕೆಳಗಿನ ಹಳ್ಳದಲ್ಲಿ ಪಾಚಿ ಕಟ್ಟಿದ ಒಂದು ಹಾಸುಬಂಡೆ ಇತ್ತು. ಅದೇ ನಮ್ಮ ಸಮುದ್ರ. ಮೊದಲು ಕೆಲಸದ ಜಾಗದಲ್ಲಿ ಕೊಟ್ಟಿದ್ದ ಮೊಣಕಾಲುದ್ದದ ರಬ್ಬರ್ ಬೂಟು. ಒಳಗೆ ನೀರು ತುಂಬಿ ಒಂದೊಂದು ಕಾಲೂ ಒಂದೊಂದು ಕೊಡಪಾನವಾಯಿತು. ಭಾವನನ್ನು ಎತ್ತಿ ನಿಲ್ಲಿಸಲು ಇಬ್ಬರು ಬೇಕಾದರು. ಆಮೇಲೆ ಕ್ಯಾನ್ವಾಸ್ ಶೂ. ಅದು ಕಾಲಿಗಿಂತ ಮೊದಲೇ ಜಾರಿತು. ಕೊನೆಗೆ ಸತ್ಯಮಂಗಲದ ಸಂತೆಯಿಂದ ಹಳೆಯ ಮಿಲಿಟರಿ ಬೂಟು ತಂದೆವು. ಹಿಮ್ಮಡಿ ಬಿಗಿಯಾಗಿ ಕೂತಿತ್ತು. ನೀರು ಹೊರಹೋಗಲೆಂದು ಕಾದ ಮೊಳೆಯಿಂದ ಪಕ್ಕದಲ್ಲಿ ತೂತು ಹಾಕಿದೆ, ಉಪ್ಪು ತಿನ್ನದಿರಲೆಂದು ಚರ್ಮಕ್ಕೆ ಹರಳೆಣ್ಣೆ ತಿಕ್ಕಿದೆ. ಅಟ್ಟೆಗೆ ಏನು ಮಾಡುವುದು? ಬೆಟ್ಟದವರ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ. ಎತ್ತಿಗೆ ಲಾಳ ಕಟ್ಟುವವರ ಹತ್ತಿರ ಹೋಗಿ ಬೂಟಿಗೂ ಕಬ್ಬಿಣದ ಲಾಳ ಹೊಡೆಸಿಕೊಂಡು ಬಂದೆವು!

"ಉಳಕ್ಕೆ ಕಟ್ಟದೊಂದ್ ಬಾಕಿ," ಎಂದಳು ಅವ್ವ.

ಒಣಗಿದ ಕಲ್ಲಿನ ಮೇಲೆ ಕಿಡಿ ಹಾರಿಸುತ್ತ ಠೀವಿಯಿಂದ ನಡೆದ ಭಾವ ಪಾಚಿ ಮುಟ್ಟಿದ್ದೇ ತಡ, ಎಣ್ಣೆ ಬಾಣಲೆಗೆ ಬಿದ್ದ ಹಪ್ಪಳದಂತೆ ತೇಲಿಹೋದರು. ಜಾರಿ ಹೋದವರು ಥಟ್ಟನೆ ನಿಂತುಬಿಟ್ಟರು. ನೋಡಿದರೆ, ನಾನು ಕೂರಲು ಹಾಸಿದ್ದ ಕಂಬಳಿಯ ಮೇಲೆ ಅವರ ಕಾಲಿತ್ತು. ನೆನೆದ ಕಂಬಳಿ ಪಾಚಿಯನ್ನು ಕಚ್ಚಿ ಹಿಡಿದಿತ್ತು.

ದಾರಿ ಸಿಕ್ಕಿತು ಅಂದುಕೊಂಡೆವು. ಅವ್ವ ಅಡ್ಡ ನಿಂತಳು. "ಕಂಬ್ಳಿ ಆಸಿ ದ್ಯಾವ್ರ ಕೂರಿಸ್ತೀವಿ, ಮದ್ವೆ ಎಣ್ಣು ಗಂಡು ಕೂರಿಸ್ತೀವಿ. ಅದ್ನ ಕಾಲಡಿಗ್ ಒಲಿತೀಯೇನ್ಲಾ?" ಕೊನೆಗೆ ಅಳಿಯನ ಮುಖ ನೋಡಿ ಮೆತ್ತಗಾದಳು. "ಮೇಕೆ ಮರಿಗ್ ಒದಿಸೋ ಅಳೇ ತುಂಡೊಂದದೆ. ಅದ್ರಲ್ಲಿ ಏನಾರ ಮಾಡ್ಕೊ."

ಲಾಳ ಕಿತ್ತು, ಆ ತುಂಡನ್ನು ನಾಲ್ಕು ಮಡಿಕೆ ಮಾಡಿ, ಗಾಳದ ನೈಲಾನ್ ದಾರದಲ್ಲಿ ದಬ್ಬಳ ಹಾಕಿ ಎಡ ಬೂಟಿಗೆ ಹೊಲಿದೆ. ಬಲಗಾಲಿಗೆ ಉಳಿದದ್ದು ಜರಡಿಯಂತಿತ್ತು. ಮರುದಿನ ಬೆಳಿಗ್ಗೆ ಭಾವನ ಬಸ್ಸು. ಅವ್ವ ಹೊಲಕ್ಕೆ ಹೋಗಿದ್ದಳು. ತೊಲೆಗೆ ಕಟ್ಟಿದ್ದ ಗಂಟನ್ನು ಇಳಿಸಿದೆ. ಅದರೊಳಗೆ ಹಬ್ಬದ ದಿನ ನಮ್ಮ ಮನೆದೇವರು ಬೀರೇಶ್ವರನ ಕಳಶ ಕೂರಿಸುವ ಕಂಬಳಿ ಇತ್ತು. ಒಂದು ಮೂಲೆಯಿಂದ ಒಂದು ಮೊಳ ಕತ್ತರಿಸಿ ಬಲ ಬೂಟಿಗೆ ಹೊಲಿದೆ. ಹಿಮ್ಮಡಿಯ ಜಾಗದಲ್ಲಿ ಬಿಗಿಯಾಗಿರಲೆಂದು ಅಡ್ಡಡ್ಡ ಹೊಲಿಗೆ ಬೇರೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಾಗಿರಬೇಕು. ಒಂದು ಭಾನುವಾರ ನಡುಮಧ್ಯಾಹ್ನ. ರಣಬಿಸಿಲು, ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಅಕ್ಕ ನೆಲ ಸಾರಿಸಿ ಬಂದು ಜಗುಲಿಯಲ್ಲಿ ನನ್ನೆದುರು ರಾಗಿ ಕೇರುತ್ತಿದ್ದವಳು ತಟ್ಟನೆ ಮೊರ ನಿಲ್ಲಿಸಿದಳು.

"ಯಾರ್ಲಾ ಒಳಕ್ ಓದೋರು?"

"ಯಾರೂ ಇಲ್ವಲ್ಲಕ್ಕ."

"ಗಾಳಿ ಬಂತು ಕಣ್ಲಾ, ತಣ್ಣಗೆ."

ಒಳಗೆ ಹೋಗಿ ನೋಡಿದೆವು. ಹಸಿ ಸಗಣಿ ನೆಲದ ಮೇಲೆ ಹೊಸ್ತಿಲಿನಿಂದ ತೊಲೆಯ ಕೆಳಗಿನವರೆಗೆ ಐದು ಒದ್ದೆ ಹೆಜ್ಜೆಗಳು. ಐದೂ ಬಲಗಾಲಿನವು. ಕುಂಟುವವರ ಹೆಜ್ಜೆಯಂತೆ ಹತ್ತಿರ ಹತ್ತಿರ ಇರಲಿಲ್ಲ, ನೆಟ್ಟಗೆ ನಡೆದವರ ಅಂತರವೇ ಇತ್ತು. ಕಂಬಳಿಯ ನೇಯ್ಗೆ ಸ್ಪಷ್ಟವಾಗಿ ಮೂಡಿತ್ತು. ಹಿಮ್ಮಡಿಯಲ್ಲಿ ನನ್ನದೇ ಅಡ್ಡ ಹೊಲಿಗೆ. ಬೇರೆಯವರು ಹೊಲಿದದ್ದಾದರೆ ಅಷ್ಟು ವಕ್ರವಾಗಿರುತ್ತಿರಲಿಲ್ಲ. ವಾಪಸು ಬಂದ ಹೆಜ್ಜೆ ಇರಲಿಲ್ಲ.

ನಾವು ನೋಡುತ್ತಿದ್ದಂತೆಯೇ ನೀರು ಆರಿ, ಗುರುತುಗಳು ಬೆಳ್ಳಗಾದವು. ಹಿತ್ತಲ ಮೇಕೆ ಒಳಗೆ ಬಂದು ಒಂದೊಂದೇ ಹೆಜ್ಜೆಯನ್ನು ನೆಕ್ಕತೊಡಗಿತು.

"ಉಪ್ಪೇನ್ಲಾ?" ಎಂದಳು ಅಕ್ಕ. ಮನೆಯೆಲ್ಲ ಒದ್ದೆ ಕಂಬಳಿಯ ವಾಸನೆ. ಬೆರಳಿಟ್ಟು ನೋಡುವ ಧೈರ್ಯ ನನಗೂ ಬರಲಿಲ್ಲ. ಮೇಕೆಯನ್ನು ಅಟ್ಟಿ, ಅವಳು ಆ ನೆಲವನ್ನು ಮತ್ತೊಮ್ಮೆ ಸಾರಿಸಿದಳು. ಆಮೇಲೆ ಹನ್ನೊಂದು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ದೇವರ ಕಂಬಳಿಗೆ ಕತ್ತರಿ ಹಾಕಿ ಅಕ್ಕನ ತಾಳಿಗೂ ಹಾಕಿದೆನೇನೋ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ.

ಹನ್ನೆರಡನೆಯ ದಿನ ಕಾರ್ಡು ಬಂತು. "ಕ್ಷೇಮ. ಒಂದು ಬೂಟು ಹೋಯಿತು. ಮಿಕ್ಕಿದ್ದು ಬಂದ ಮೇಲೆ." ಅಕ್ಕ ನನ್ನಿಂದ ಅದನ್ನು ಮೂರು ಸಲ ಓದಿಸಿದಳು.

ದೀಪಾವಳಿಗೆ ಭಾವ ಎಡಗಾಲಿನ ಬೂಟೊಂದನ್ನೇ ಹಿಡಿದುಕೊಂಡು ಬಂದರು. ಅದರ ಕಂಬಳಿ ಕಿತ್ತು ಜೋತಾಡುತ್ತಿತ್ತು. ಆ ಭಾನುವಾರ ಮಧ್ಯಾಹ್ನವೇ ದೊಡ್ಡ ಅಲೆಯೊಂದು ಹೊಡೆದು ಎಡಗಾಲು ಜಾರಿತಂತೆ. ಮೈಯೆಲ್ಲ ನೀರಿನಲ್ಲಿ, ಬಲಗಾಲು ಮಾತ್ರ ಕಲ್ಲಿಗೆ ಅಂಟಿಕೊಂಡಂತೆ ನಿಂತಿತ್ತು. ಅಲೆ ಹಿಂದೆ ಸರಿದ ಮೇಲೆ ಎತ್ತಲು ಹೋದರೆ ಬೂಟು ಕದಲಲಿಲ್ಲ. ಲಾಡಿ ಬಿಚ್ಚಿ, ಕಾಲು ಕಿತ್ತುಕೊಂಡು, ಬೂಟನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದರು.

"ನಿನ್ ಒಲ್ಗೆ ನನ್ ಜೀವ ಉಳಿಸ್ತು ಕಣ್ಲಾ," ಎಂದು ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಅಂದುಕೊಂಡರು. ಅವ್ವ ಹಬ್ಬಕ್ಕೆಂದು ತೊಲೆಯ ಗಂಟು ಇಳಿಸಿ, ಕಂಬಳಿ ಬಿಡಿಸಿ, ನೆಟ್ಟಗೆ ಕತ್ತರಿಸಿದ ಮೂಲೆಯನ್ನು ಬೆಳಕಿಗೆ ಹಿಡಿದಳು. "ಇಲಿ ಕಡ್ದದೆ," ಎಂದಳು. ತಡೆದು, "ಈ ಇಲಿಗೆ ದರ್ಜಿ ಕೆಲ್ಸ ಬತ್ತದೆ ಕನಾ," ಎಂದು ನನ್ನನ್ನು ನೋಡದೆ ಮತ್ತೆ ಮಡಿಸಿಟ್ಟಳು.

ಭಾವ ಮತ್ತೆಂದೂ ಗಾಳ ಮುಟ್ಟಲಿಲ್ಲ. ಕೆಲಸ ಬಿಟ್ಟು ಬಂದು ಗೆಟ್ಟವಾಡಿಯಲ್ಲಿ ಬೇಸಾಯ ಹಿಡಿದರು. ಬರಬರುತ್ತ ಒಂದು ಅಂಜಿಕೆ ಅವರಿಗೆ ಅಂಟಿಕೊಂಡಿತು: ಒಬ್ಬರೇ ಕೂರುತ್ತಿರಲಿಲ್ಲ, ಬಾವಿಯ ಕಟ್ಟೆಗೂ ಜೊತೆ ಬೇಕು. ಯಾಕೆಂದು ಯಾರು ಕೇಳಿದರೂ ಹೇಳುತ್ತಿರಲಿಲ್ಲ.

ಹೋದ ತಿಂಗಳು ಬಸ್ಸಿನಲ್ಲಿ ಆ ವಾಸನೆ ಕುಡಿದ ನನಗೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಸೀದಾ ಗೆಟ್ಟವಾಡಿಗೆ ಹೋದೆ. ಅವ್ವ ತೀರಿಹೋಗಿ ಎಷ್ಟೋ ವರ್ಷವಾಯಿತು. ಭಾವನಿಗೆ ಎಂಬತ್ತರ ಹತ್ತಿರ. ಅಕ್ಕ ಕಾಫಿಗೆ ಒಳಗೆ ಹೋದಾಗ ಅವರ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ: ತೊಲೆಯ ಗಂಟು, ಕತ್ತರಿ, ಬಲಗಾಲಿನ ಅಟ್ಟೆ.

ಅವರು ಬಹಳ ಹೊತ್ತು ತಮ್ಮ ಬಲಪಾದವನ್ನೇ ನೋಡಿದರು.

"ಮಾರ್ನೆ ದಿನ ಬೂಟ್ ತರಕ್ ಓಗಿದ್ದೆ ಕಣ್ಲಾ," ಎಂದರು. "ನಿಮ್ಮಕ್ಕುಂಗೂ ಯೋಳಿಲ್ಲ."

"ಇತ್ತಾ ಬಾವ?"

"ಇತ್ತು. ರಾತ್ರೆಲ್ಲ ಅಲೆ ಒಡ್ದಿದ್ರೂ ಅಲ್ಲೇ ನಿಂತಿತ್ತು. ನಾನ್ ಬಿಚ್ಚಿ ಬಂದಿದ್ ಲಾಡೀಗೆ ಯಾರೋ ಗಂಟಾಕಿದ್ರು. ಎಲ್ಡ್ ಬೆರ್ಳ್ ಒಳಕ್ ತೂರಿಸ್ದೆ. ಬೆಚ್ಚಗಿತ್ತು ಕಣ್ಲಾ, ಈಗ್ತಾನೆ ಕಾಲ್ ತಗ್ದಂಗೆ."

ನಾನು ಅವರತ್ತ ಇನ್ನಷ್ಟು ಸರಿದು ಕೂತೆ.

"ನೀರ್ಗ್ ಓದ್ನಲ್ಲ ನನ್ ಜೊತೆಯವ, ಅವ್ನೇ ಆಕೊಂಡವ್ನೆ, ನನ್ನ ಉಡುಕ್ಕೊಂಡ್ ಬತ್ತಾನೆ ಅಂತ ಇಷ್ಟ್ ವರ್ಸ ಎದ್ರುಕೊಂಡಿದ್ದೆ." ಅವರು ದೀರ್ಘವಾಗಿ ಉಸಿರು ಬಿಟ್ಟರು. "ಅಂಗಾರೆ ಅದು ನಮ್ಮನೆ ದ್ಯಾವ್ರೇ ಅನ್ನು. ಎಂತಾ ಮುಠ್ಠಾಳ ನೀನು, ಆಗ್ಲೇ ಒಂದ್ ಮಾತ್ ಯೋಳ್ಬಾರ್ದಾಗಿತ್ತಾ?"

ಅಕ್ಕ ಕಾಫಿ ತಂದಳು. ಭಾವ ಲೋಟ ಹಿಡಿದು, ಒಬ್ಬರೇ ಎದ್ದು, ಹಿತ್ತಲಿನ ಬಾವಿಯ ಕಟ್ಟೆಗೆ ಹೋಗಿ ಕೂತರು. ಅಕ್ಕ ಬಾಗಿಲಲ್ಲೇ ನಿಂತು ಬೆರಗಿನಿಂದ ನೋಡಿದಳು.

ನಾನು ಹೊರಡಲು ಅಂಗಳಕ್ಕೆ ಬಂದೆ. ಚಪ್ಪಲಿ ಮಳೆಗೆ ಜಾರೀತೆಂದು ನನ್ನ ಮೊಮ್ಮಗ ಬಲವಂತವಾಗಿ ಹಾಕಿಸಿ ಕಳಿಸಿದ್ದ ಶೂ ಮೆಟ್ಟಿಲ ಕೆಳಗೆ ಜೋಡಿಯಾಗಿ ಕೂತಿತ್ತು. ಬಗ್ಗಿ, ಎಡದ್ದಕ್ಕೆ ಎರಡು ಬೆರಳು ತೂರಿಸಿ ನೋಡಿದೆ. ತಣ್ಣಗಿತ್ತು. ಹಾಕಿಕೊಂಡೆ. ಬಲದ್ದರ ಮುಂದೆ ಮಾತ್ರ, ಬೆರಳು ಹಾಕಲಾರದೆ, ಬಸ್ಸಿನ ಹಾರನ್ ಕೇಳುವವರೆಗೂ ಒಂಟಿಕಾಲಿನಲ್ಲಿ ನಿಂತೇ ಇದ್ದೆ.